ಗೊಬ್ನೆಟ್ ಬೆಳೆಸಿದ ಕೂದಲು

ಗೊಬ್ನೆಟ್ ಹೆರ್ಲಿಹಿಯ ಕೂದಲು ಕತ್ತರಿಸಿದ್ದು ಒಂದು ಮಂಗಳವಾರ ಬೆಳಿಗ್ಗೆ. ಅವಳ ಕೂಸು ತೀರಿಹೋಯಿತೆಂಬ ಸುದ್ದಿ ಬಂದದ್ದು ಅದೇ ಮಂಗಳವಾರ ಮಧ್ಯಾಹ್ನ. ಈ ಎರಡೂ ಹಿಂದುಮುಂದಾಗಿದ್ದರೆ ಅವಳು ಆ ಗಳಿಗೆಯಲ್ಲೇ ಗೋಡೆ ಹಾರಿ ಹೊರಟುಬಿಡುತ್ತಿದ್ದಳು, ಎರಡು ಮೈಲಿ ಹೋಗುವುದರೊಳಗೆ ಸಿಕ್ಕಿಬೀಳುತ್ತಿದ್ದಳು, ಈ ಕಥೆಯೂ ಅಲ್ಲಿಗೇ ಮುಗಿಯುತ್ತಿತ್ತು.

ಅದು ೧೮೪೧ರ ಜುಲೈ, ಇಂಗ್ಲೆಂಡಿನವರು ಖೈದಿಗಳನ್ನು ಗಡೀಪಾರು ಮಾಡುತ್ತಿದ್ದ ತೆಂಕಣ ಕಡಲಿನ ವಾನ್ ಡೀಮನ್ ದ್ವೀಪದ ಕಡುಚಳಿಗಾಲ. ಹೆಂಗಸರ ಜೈಲು ಬೆಟ್ಟದ ಬುಡದಲ್ಲಿತ್ತು. ಚಳಿಗಾಲದಲ್ಲಿ ಬಿಸಿಲು ಹತ್ತು ಗಂಟೆಗೆ ಗೋಡೆ ದಾಟಿ ಒಳಗೆ ಬಂದು, ಮಧ್ಯಾಹ್ನ ಎರಡಕ್ಕೆಲ್ಲ ಬೆಟ್ಟದ ಹಿಂದೆ ಓಡಿಹೋಗುತ್ತಿತ್ತು. ಒಗೆಯುವ ಅಂಗಳದಲ್ಲಿ ಸಾಲಾಗಿ ಕಲ್ಲಿನ ತೊಟ್ಟಿಗಳು. ಹಿಮ ಕರಗಿ ಬಂದ ಹಳ್ಳದ ನೀರಿನಲ್ಲಿ ಪಟ್ಟಣದ ದೊಡ್ಡಮನುಷ್ಯರ ಹಾಸಿಗೆ ವಸ್ತ್ರ, ಮೇಜುವಸ್ತ್ರ, ಒಳಲಂಗಗಳನ್ನು ನಸುಕಿನಿಂದ ಒಗೆಯಬೇಕು. ಗೊಬ್ನೆಟ್ ಆರು ವಾರಗಳಿಂದ ಅದನ್ನೇ ಮಾಡುತ್ತಿದ್ದಳು. ಆರು ವಾರದ ಹಿಂದೆ ಅವಳ ಮಗಳನ್ನು ಎದೆಹಾಲು ಬಿಡಿಸಿ ಪಟ್ಟಣದ ಶಿಶುಮನೆಗೆ ಒಯ್ದಿದ್ದರು. ಕೂಸಿಗೆ ಆರು ತಿಂಗಳಾದರೆ ತಾಯಿಗೆ ತೊಟ್ಟಿ, ಕೂಸಿಗೆ ಶಿಶುಮನೆ, ಅದು ಕಾನೂನು. ಒಂದು ಸಲ ನೋಡಿಬರುತ್ತೇನೆಂದು ಅವಳು ಮೇಲ್ವಿಚಾರಕಿ ಮಿಸೆಸ್ ಸ್ಕೆಲ್ಟನ್‌ರನ್ನು ಮೂರು ಸಲ ಕೇಳಿದಳು. ನಾಲ್ಕನೆಯ ಸಲ ಕೇಳಲಿಲ್ಲ, ಒದ್ದೆ ಕೈಯಲ್ಲೇ ಬಾಗಿಲಿನತ್ತ ಓಡಿದಳು. ಅದಕ್ಕೆ ಕತ್ತರಿಯ ಶಿಕ್ಷೆ. ಕುರಿಯ ಉಣ್ಣೆ ಕತ್ತರಿಸುವ ಕತ್ತರಿ ಅದು. ಸೊಂಟದ ತನಕ ಇದ್ದ ಕಪ್ಪು ಕೂದಲು ಕಲ್ಲಿನ ಮೇಲೆ ಬಿತ್ತು. ಚಳಿಗೆ ಕಿವಿ ಉರಿಯಿತು.

ಮಧ್ಯಾಹ್ನ ಗಂಜಿಯ ಹೊತ್ತಿಗೆ ಬಂದ ಸುದ್ದಿ, ಕೂಸು ಭಾನುವಾರವೇ ಹೋಯಿತಂತೆ, ಸೋಮವಾರ ಮಣ್ಣು ಮಾಡಿದರಂತೆ. ದಫ್ತರದಲ್ಲಿ "ಹೆಣ್ಣು, ಏಳು ತಿಂಗಳು" ಎಂದಷ್ಟೇ ಬರೆದಿತ್ತು.

ಅವಳಿಗೆ ಹೆಸರಿತ್ತು. ಸೊರ್ಖಾ. ಗೊಬ್ನೆಟ್‌ಳ ಅಜ್ಜಿಯ ಹೆಸರು. ಪಾದ್ರಿ ಸಿಗದೆ, ಗೊಬ್ನೆಟ್ ತಾನೇ ತೊಟ್ಟಿಯ ನೀರು ಚಿಮುಕಿಸಿ, ಮೆಲ್ಲನೆ ಕಿವಿಯಲ್ಲಿ ಇಟ್ಟ ಹೆಸರು.

ಸುದ್ದಿ ಕೇಳಿ ಗೊಬ್ನೆಟ್ ಅಳಲಿಲ್ಲ. ಅವಳ ಎರಡೂ ಕೈ ತಾವಾಗಿಯೇ ಮೇಲೆದ್ದು ತಲೆಗೆ ಹೋದವು, ಕೂದಲು ಬಿಚ್ಚುವುದಕ್ಕೆ. ಬಿಚ್ಚುವುದಕ್ಕೆ ಏನೂ ಇರಲಿಲ್ಲ. ಮೋಟು ಮೋಟು ಕೂದಲ ಮೇಲೆ ಬೆರಳು ಸುಮ್ಮನೆ ಆಡಿದವು. ಆಗ ಅವಳ ಬಾಯಿಂದ ಬಂದ ಸದ್ದು ಕೇಳಿ ಪಕ್ಕದ ತೊಟ್ಟಿಯ ಹೆಪ್ಸಿ ಟ್ರಾಟ್ ಸೋಪು ಕೈಬಿಟ್ಟಳು.

ಹೆಪ್ಸಿ ಲಂಡನ್ನಿನವಳು. ಜೇಬು ಕತ್ತರಿಸುವುದರಲ್ಲಿ ಚತುರೆ, ಒಂದೇ ಒಂದು ಸಲ ಕೈ ತಪ್ಪಿ ಇಲ್ಲಿಗೆ ಬಂದವಳು. ಹೊಳಪು ತಾಮ್ರದ ಬಣ್ಣದ ಕೂದಲು ಅವಳದು. ಕೂದಲು ಹೋದರೆ ಮತ್ತೆ ಬರುತ್ತದೆ, ಕೂಸಿಗಾಗಿ ಅಳು, ಕೂದಲಿಗಾಗಿ ಯಾಕೆ ಹೀಗೆ ಒದ್ದಾಡುತ್ತೀ ಎಂದು ಅವಳು ಕೇಳಿದಳು. ಗೊಬ್ನೆಟ್ ಹೇಳಿದಳು:

"ಕೂದಲಿಲ್ದೆ ಶಾಪ ಹಾಕಕ್ಕಾಗಲ್ಲ ಕಣೇ."

*

ಗೊಬ್ನೆಟ್ ಹುಟ್ಟಿದ್ದು ಐರ್ಲೆಂಡಿನ ಕಾರ್ಕ್ ಸೀಮೆಯಲ್ಲಿ, ಸೊರ್ಖಾ ಅಜ್ಜಿಯ ಮಡಿಲಲ್ಲಿ. ಅಜ್ಜಿ ಜೇನು ಸಾಕುತ್ತಿದ್ದಳು, ಸತ್ತವರ ಮನೆಗೆ ಹೋಗಿ ಹಾಡಿ ಅಳುತ್ತಿದ್ದಳು, ಸಂಜೆ ಮೊಮ್ಮಗಳ ತಲೆ ಬಾಚುತ್ತಾ ಕಥೆ ಹೇಳುತ್ತಿದ್ದಳು. ಬಾಚಣಿಗೆ ಗಂಟಿಗೆ ಸಿಕ್ಕಿದಲ್ಲಿ ಕಥೆ ನಿಲ್ಲುತ್ತಿತ್ತು, ಗಂಟು ಬಿಟ್ಟಮೇಲೆ ಮುಂದುವರಿಯುತ್ತಿತ್ತು. ಆ ಕಥೆಗಳಲ್ಲಿ ಹಂಸಗಳಾದ ಮಕ್ಕಳಿದ್ದರು, ಕಡಲ ತಳದಲ್ಲಿ ಉರಿಯುವ ದೀಪಗಳಿದ್ದವು. ಮತ್ತೆ ತಾಯಿಯ ಶಾಪವಿತ್ತು. ಅದನ್ನು ಹೇಳುವಾಗ ಮಾತ್ರ ಅಜ್ಜಿ ಬಾಚಣಿಗೆ ಕೆಳಗಿಡುತ್ತಿದ್ದಳು.

ಅದಕ್ಕೆ ಕಟ್ಟಳೆಗಳಿದ್ದವು. ತಪ್ಪು ಮಾಡಿದವನ ಹೊಸ್ತಿಲಲ್ಲೇ ಹಾಕಬೇಕು. ಹಗಲು ಹೊತ್ತಿನಲ್ಲಿ, ನಾಲ್ಕು ಜನ ನೋಡುತ್ತಿರುವಾಗ ಹಾಕಬೇಕು. ಮಂಡಿಯೂರಿ ಕೂತು ತಲೆ ಬಗ್ಗಿಸಿದರೆ ಬಿಚ್ಚಿದ ಕೂದಲ ತುದಿ ಹೊಸ್ತಿಲನ್ನು ಮುಟ್ಟಬೇಕು. ಶಾಪ ಇಳಿಯುವುದು ಆ ಕೂದಲಿನ ಮೇಲಿಂದಲೇ. ಸತ್ತವರ ಹೆಸರನ್ನು ಮೂರು ಸಲ ಹೇಳಬೇಕು. ಹಾಕುವಾಗಲೇ ಅದನ್ನು ತೆಗೆಯುವ ದಾರಿಯನ್ನೂ ಹೇಳಬೇಕು, ದಾರಿಯಿಲ್ಲದ ಶಾಪ ಸೈತಾನನದಾಗುತ್ತದೆ. ಒಂದು ಎಳೆ ಸುಳ್ಳು ಸೇರಿದರೂ ಅದು ತಿರುಗಿ ಹಾಕಿದವಳ ತಲೆಗೇ ಬರುತ್ತದೆ.

ಸುಳ್ಳಿನ ಭಯ ಗೊಬ್ನೆಟ್‌ಗಿರಲಿಲ್ಲ. ಬಜಾರಿನಲ್ಲಿ ಒಂದು ಉಣ್ಣೆಯ ಮೇಲಂಗಿ ಕದ್ದದ್ದು ನಿಜ, ಅದಕ್ಕೆ ಏಳು ವರ್ಷದ ಶಿಕ್ಷೆ, ನಾಲ್ಕು ತಿಂಗಳ ಹಡಗು. ಅದನ್ನು ಅವಳು ಎಂದೂ ಅಲ್ಲಗಳೆಯಲಿಲ್ಲ. ದ್ವೀಪಕ್ಕೆ ಬಂದಮೇಲೆ ಅವಳನ್ನು ಹೊಳೆಯ ಮೇಲ್ಸೀಮೆಯ ಎನೊಕ್ ಪಿಕರ್ಡ್ ಎಂಬ ದಣಿಯ ಮನೆಗೆಲಸಕ್ಕೆ ಕಳಿಸಿದರು. ಪಿಕರ್ಡ್‌ಗೆ ಕಣ್ಣು ಹಾಯಿಸಿದಷ್ಟೂ ಗೋಧಿ ಹೊಲ. ಹೆಂಡತಿ ಇಂಗ್ಲೆಂಡಿನಲ್ಲಿ. ಅವಳು ಮಲಗುತ್ತಿದ್ದ ಅಡುಗೆಮನೆಯ ಬಾಗಿಲಿಗೆ ಒಳಗಿನಿಂದ ಚಿಲಕವಿರಲಿಲ್ಲ. ಗೊಬ್ನೆಟ್‌ಳ ಹೊಟ್ಟೆ ಮುಂದೆ ಬಂದಾಗ ಅವನು ಅವಳನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸಿ, ನಡತೆಗೆಟ್ಟವಳು, ಯಾವ ಕುರಿಕಾಯುವವನದೋ ಏನೋ ಎಂದ. ಬೈಬಲ್ಲಿನ ಮೇಲೆ ಕೈಯಿಟ್ಟು, ಇವಳನ್ನು ನಾನು ಬೆರಳಿನಿಂದಲೂ ಮುಟ್ಟಿಲ್ಲ ಎಂದ. ಆಮೇಲೆ ಅದೇ ಕೈಯಿಂದ ಮೂಗು ಒರೆಸಿಕೊಂಡ. ಗೊಬ್ನೆಟ್‌ಗೆ ಆ ಕೈ ನೆನಪಿತ್ತು.

ಹೀಗೆ ಅವಳಲ್ಲಿ ಎಲ್ಲವೂ ಇತ್ತು: ನಿಜವಿತ್ತು, ಹೆಸರಿತ್ತು, ಹೊಸ್ತಿಲು ಎಲ್ಲಿದೆಯೆಂದು ಗೊತ್ತಿತ್ತು. ಕೂದಲೊಂದಿರಲಿಲ್ಲ. ಶಿಕ್ಷೆ ಮುಗಿಯಲು ನಾಲ್ಕೂವರೆ ವರ್ಷ ಬಾಕಿಯಿತ್ತು. ಕೂದಲು ಬೆಳೆಯಲು ಅಷ್ಟೇ ಬೇಕಿತ್ತು. ನಡುವೆ ಒಂದೇ ಒಂದು ಸಲ ಕತ್ತರಿ ಬಿದ್ದರೂ ಎಲ್ಲ ಮೊದಲಿನಿಂದ.

ಅಂದಿನಿಂದ ಗೊಬ್ನೆಟ್ ಜೈಲಿನಲ್ಲೇ ಒಳ್ಳೆಯ ಖೈದಿಯಾದಳು. ಎದುರು ಮಾತಿಲ್ಲ, ತಂಬಾಕಿಲ್ಲ, ಜಗಳವಿಲ್ಲ. ಮಿಸೆಸ್ ಸ್ಕೆಲ್ಟನ್ ಬಂದವರಿಗೆಲ್ಲ ಅವಳನ್ನು ತೋರಿಸಿ, ಕತ್ತರಿ ಹೇಗೆ ಮನುಷ್ಯರನ್ನು ತಿದ್ದುತ್ತದೆ ನೋಡಿ ಎನ್ನುತ್ತಿದ್ದಳು. ಗೊಬ್ನೆಟ್ ತಲೆ ತಗ್ಗಿಸಿ ಒಂದು ಕಾಲು ಬಗ್ಗಿಸಿ ವಂದಿಸುತ್ತಿದ್ದಳು. ಕುಲಾವಿಯೊಳಗೆ ಕೂದಲು ಬೆಳೆಯುತ್ತಿತ್ತು.

ಸಾರಿಗೆ ಹಾಕಿದ ಎತ್ತಿನ ತಲೆಯಿಂದ ಒಂದು ಎಲುಬು ಕದ್ದು, ತೊಟ್ಟಿಯ ಅಂಚಿಗೆ ಮೂರು ತಿಂಗಳು ತೀಡಿ ಬಾಚಣಿಗೆ ಮಾಡಿಕೊಂಡಳು. ತನ್ನ ಪಾಲಿನ ಸಾರಿನ ಮೇಲೆ ತೇಲಿದ ಕೊಬ್ಬನ್ನು ಬೆರಳಲ್ಲಿ ತೆಗೆದು ತಲೆಗೆ ಹಚ್ಚಿಕೊಳ್ಳುತ್ತಿದ್ದಳು. ಬಾಚಿ ಉದುರಿದ ಎಳೆಗಳನ್ನು ಗಾಳಿಗೆ ಬಿಡದೆ ಸುತ್ತಿ ಗೋಡೆಯ ಬಿರುಕಿಗೆ ತುರುಕುತ್ತಿದ್ದಳು. ಕೂದಲು ಕಿವಿ ದಾಟಿತು, ಕತ್ತು ದಾಟಿತು. ಎರಡನೆಯ ವರ್ಷಕ್ಕೆ ಹೆಗಲ ಮೇಲೆ ಬಂದು ಕೂತಿತು.

ಮೊದಮೊದಲು ಶಾಪ ಬಹಳ ಉದ್ದವಿತ್ತು. ಕಣ್ಣು, ಕಿವಿ, ಮೂಳೆ, ಕರುಳು, ದನ, ಕುದುರೆ, ಬಾವಿ, ಒಲೆ ಎಲ್ಲವೂ ಅದರಲ್ಲಿತ್ತು. ಒಗೆಯುವ ಬಡಿತಕ್ಕೆ ಸರಿಯಾಗಿ ಅವಳು ಅದನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದಳು. ಹೆಪ್ಸಿಗೆ ಇದೆಲ್ಲ ತಮಾಷೆ. ದೇವರನ್ನೂ ನಂಬದವಳು ಕೂದಲನ್ನು ನಂಬುತ್ತಾಳೆಯೇ? ಅವನಿಗೆ ಒಂದು ಚಾಕು ಸಾಕಾಗಿತ್ತಲ್ಲೇ, ನನ್ನನ್ನು ಕೇಳಿದ್ದರೆ ಸಂಪಾದಿಸಿಕೊಡುತ್ತಿದ್ದೆ ಎನ್ನುತ್ತಿದ್ದಳು. ಚಾಕು ಒಂದು ಸಲ ಹೋಗಿ ಬರುತ್ತದೆ, ನನಗೆ ಅವನು ಬದುಕಿರಬೇಕು ಎಂದು ಗೊಬ್ನೆಟ್ ಹೇಳಿದಳು. ಅದನ್ನು ಕೇಳಿ ಹೆಪ್ಸಿ ಸೋಪು ಉಜ್ಜುತ್ತಲೇ ಹೇಳಿದಳು:

"ಹಂಗಾದ್ರೆ ಹಲ್ಲುನೋವು ಸೇರಿಸು ಕಣೇ. ನನ್ ಕಡೆಯಿಂದ ಅಂತ ಹೇಳು."

ಗೊಬ್ನೆಟ್ ಎರಡು ವರ್ಷದಲ್ಲಿ ಮೊದಲ ಸಲ ನಕ್ಕಳು.

*

ನಾಲ್ಕನೆಯ ವರ್ಷದ ಚಳಿಗಾಲ ಕಳೆಯುವ ಹೊತ್ತಿಗೆ ಮೇಲ್ಸೀಮೆಯಿಂದ ಶಿಕ್ಷೆಗೆಂದು ಒಬ್ಬ ಹೆಂಗಸು ಜೈಲಿಗೆ ಬಂದಳು. ಅವಳು ಪಿಕರ್ಡ್ ಮನೆಯಲ್ಲೇ ಕೆಲಸಕ್ಕಿದ್ದವಳು. ಅವಳು ತಂದ ಸುದ್ದಿ ಕೇಳಿ ಗೊಬ್ನೆಟ್‌ಳ ಕೈ ತೊಟ್ಟಿಯಲ್ಲೇ ನಿಂತಿತು. ಪಿಕರ್ಡ್ ದ್ವೀಪ ಬಿಡುತ್ತಾನಂತೆ. ಬರುವ ಜನವರಿಯ ಕೊಯ್ಲೇ ಕೊನೆಯದಂತೆ. ಆ ಗೋಧಿ ಮಾರಿ, ಫೆಬ್ರವರಿಯ ಹಡಗಿಗೆ ಇಂಗ್ಲೆಂಡಿಗೆ ಹೋಗಿ ಅಲ್ಲಿ ಜಮೀನ್ದಾರನಾಗಿ ಕೂರುತ್ತಾನಂತೆ.

ಗೊಬ್ನೆಟ್ ಬೆರಳು ಮಡಿಸಿ ನೋಡಿದಳು. ಅವಳ ಬಿಡುಗಡೆ ಡಿಸೆಂಬರಿನ ನಡುವಿಗೆ. ಮೇಲ್ಸೀಮೆಗೆ ಮೂರು ದಿನದ ನಡಿಗೆ. ಸಮಯಕ್ಕೆ ಮುಟ್ಟಬಹುದಿತ್ತು. ಕೂದಲು ಈಗ ಸೊಂಟಕ್ಕೆ ಇನ್ನು ನಾಲ್ಕೇ ಬೆರಳು. ಈಗ ಕತ್ತರಿ ಬಿದ್ದರೆ ಮುಗಿಯಿತು. ಕಡಲಾಚೆ ಹೋದವನ ಹೊಸ್ತಿಲನ್ನು ಇವಳು ಎಲ್ಲಿ ಹುಡುಕುವುದು?

ಇಷ್ಟು ಎಚ್ಚರದಿಂದಿದ್ದವಳು ಎಡವಿದ್ದು ಒಂದೇ ಮಾತಿನಲ್ಲಿ. ಅಕ್ಟೋಬರಿನ ಒಂದು ಭಾನುವಾರ ಪ್ರಾರ್ಥನೆಗೆ ಹೊಸ ಪಾದ್ರಿ ಬಂದಿದ್ದರು. ಎಳೆಯ ಮುಖ, ಬೆಳ್ಳಗಿನ ಕೈ. ಶಿಶುಮನೆಯಲ್ಲಿ ಆ ತಿಂಗಳು ಮಕ್ಕಳು ಹೆಚ್ಚು ಸತ್ತಿದ್ದವು. ಪಾದ್ರಿ ಅದನ್ನೆತ್ತಿಕೊಂಡು, ತಾಯಂದಿರ ಪಾಪ ತಟ್ಟದಿರಲೆಂದು ದೇವರೇ ಆ ಕೂಸುಗಳನ್ನು ಕರೆಸಿಕೊಂಡ, ಇದಕ್ಕಾಗಿ ನೀವು ಅವನಿಗೆ ಕೃತಜ್ಞರಾಗಿರಬೇಕು ಎಂದರು. ಇನ್ನೂರು ಹೆಂಗಸರು ಉಸಿರು ಹಿಡಿದು ಕೂತಿದ್ದರು. ಆಗ ನಡುಸಾಲಿನಿಂದ ಒಂದು ಮಾತು ಬಂತು.

"ಸುಳ್ಳು."

ಹೇಳಿದವಳು ಗೊಬ್ನೆಟ್. ತಾನು ಹೇಳಿದ್ದು ಹೊರಗೆ ಕೇಳಿಸಿತೆಂದು ಅವಳಿಗೇ ತಿಳಿದದ್ದು ಪಾದ್ರಿಯ ಬಾಯಿ ಅರ್ಧಕ್ಕೆ ನಿಂತಾಗ. ಮಿಸೆಸ್ ಸ್ಕೆಲ್ಟನ್ ಎದ್ದು, ಯಾರದು ಎಂದಳು. ಹೇಳಿದವಳು ನಿಲ್ಲದಿದ್ದರೆ ಇಡೀ ಸಾಲಿನ ತಲೆ ಬೋಳಿಸುತ್ತೇನೆ ಎಂದಳು. ಗೊಬ್ನೆಟ್‌ಳ ಕೈ ಕುಲಾವಿಯ ದಾರಕ್ಕೆ ಹೋಯಿತು. ಏಳಬೇಕೆಂದು ಮೊಣಕಾಲಿಗೆ ಹೇಳಿದಳು, ಮೊಣಕಾಲು ಕೇಳಲಿಲ್ಲ. ನಿಜ ಹೇಳಬೇಕೆಂದರೆ, ಅವಳು ಸರಿಯಾಗಿ ಹೇಳಲೂ ಇಲ್ಲ.

ಪಕ್ಕದಲ್ಲಿ ಹೆಪ್ಸಿ ಎದ್ದು ನಿಂತಳು. "ನಾನೇ ಅಮ್ಮಾವ್ರೇ," ಎಂದಳು. "ಬಾಯಿ ಜಾರ್ತು. ಪಾದ್ರಿಗಳು ಮುಂದುವರೀಲಿ."

ಹೆಪ್ಸಿಯ ಕೂದಲು ಸುಮ್ಮನೆ ಕೂದಲಲ್ಲ. ಆ ತಿಂಗಳು ಅವಳನ್ನು ನೋಡಲು ಪಟ್ಟಣದ ಒಬ್ಬ ರೊಟ್ಟಿ ಸುಡುವವನು ಬರುವವನಿದ್ದ. ಅವನೂ ಒಂದು ಕಾಲದ ಖೈದಿ, ಈಗ ಸ್ವಂತ ಒಲೆಯಿಟ್ಟವನು, ಹೆಂಡತಿ ಬೇಕೆಂದು ಜೈಲಿಗೆ ಅರ್ಜಿ ಕೊಟ್ಟಿದ್ದ. ಅಂಗಳದಲ್ಲಿ ಸಾಲಾಗಿ ನಿಂತ ಹೆಂಗಸರಲ್ಲಿ ತಾಮ್ರದ ಕೂದಲಿನವಳನ್ನು ದೂರದಿಂದ ನೋಡಿ ಮೆಚ್ಚಿ ಹೋಗಿದ್ದ. ಮದುವೆಯಾದರೆ ಹೆಪ್ಸಿ ಆ ದಿನವೇ ಹೊರಗೆ. ಕತ್ತರಿ ಬಿದ್ದ ಮರುವಾರ ಅವನು ಬಂದ, ಬೋಳುತಲೆ ನೋಡಿದ, ತಾನು ನೋಡಿದವಳು ಇವಳಲ್ಲ ಎಂದು ಮಿಸೆಸ್ ಸ್ಕೆಲ್ಟನ್‌ಗೆ ಹೇಳಿ ಇನ್ನೊಬ್ಬಳನ್ನು ಕರೆದುಕೊಂಡು ಹೋದ.

ಗೊಬ್ನೆಟ್ ಎರಡು ದಿನ ಹೆಪ್ಸಿಯ ಮುಖ ನೋಡಲಿಲ್ಲ. ಮೂರನೆಯ ದಿನ, ಯಾಕೆ ಹೀಗೆ ಮಾಡಿದೆ, ನೀನು ಇದನ್ನೆಲ್ಲ ನಂಬುವುದೂ ಇಲ್ಲವಲ್ಲ ಎಂದು ಕೇಳಿದಳು. ಹೆಪ್ಸಿ ಹಾಸಿಗೆ ವಸ್ತ್ರದ ಒಂದು ತುದಿ ಇವಳ ಕೈಗಿಟ್ಟು, ಇನ್ನೊಂದು ತುದಿ ತಾನು ಹಿಡಿದು ಹಿಂಡತೊಡಗಿದಳು.

"ನಂಬೋದಿಲ್ಲ," ಎಂದಳು. "ಆದ್ರೆ ನಾಲ್ಕು ವರ್ಷ ಒಂದು ಕಥೆ ಕೇಳಿದೀನಿ. ಕೊನೆ ಏನಾಯ್ತು ಅಂತ ಗೊತ್ತಾಗ್ಬೇಡ್ವಾ? ಹೋಗು. ಹೋಗಿ ಮುಗಿಸ್ಕೊಂಡು ಬಾ. ಹಲ್ಲುನೋವು ಮರೀಬೇಡ."

*

ಜನವರಿಯ ಬಿಸಿಲಿನಲ್ಲಿ ಗೊಬ್ನೆಟ್ ಹೊಳೆಯ ದಡ ಹಿಡಿದು ಮೇಲಕ್ಕೆ ನಡೆದಳು. ಕೈಯಲ್ಲಿ ಬಿಡುಗಡೆಯ ಕಾಗದ, ತಲೆಯ ಮೇಲೆ ಬಿಗಿಯಾಗಿ ಕಟ್ಟಿದ ಕುಲಾವಿ. ಡಿಸೆಂಬರಿನಲ್ಲಿ ಬಿಟ್ಟೊಡನೆ ಹೊರಡಬಹುದಿತ್ತು. ಆದರೆ ಅವಳಿಗೆ ಕೊಯ್ಲಿನ ದಿನ ಬೇಕಿತ್ತು, ಜನ ಬೇಕಿತ್ತು. ಪಟ್ಟಣದ ಒಂದು ಕೊಟ್ಟಿಗೆಯಲ್ಲಿ ಬಟ್ಟೆ ಒಗೆಯುತ್ತಾ ಮೂರು ವಾರ ಕಾದಿದ್ದಳು. ಹೊರಡುವ ಮುನ್ನ ತೊಟ್ಟಿಯ ಅಂಚಿನಲ್ಲಿ ಮಂಡಿಯೂರಿ, ತಲೆ ಬಗ್ಗಿಸಿ ಅಳೆದು ನೋಡಿದ್ದಳು. ಕೂದಲ ತುದಿ ನೆಲ ಮುಟ್ಟಿತ್ತು, ಅಷ್ಟೇ ಅಷ್ಟು, ನೀರಿಗೆ ಮೂತಿಯಿಟ್ಟ ಹಕ್ಕಿಯ ಹಾಗೆ.

ದಾರಿಯಲ್ಲಿ ಅವಳು ಶಾಪವನ್ನು ಮತ್ತೆ ಮತ್ತೆ ಹೇಳಿಕೊಂಡಳು. ಹೇಳಿಕೊಳ್ಳುತ್ತಾ ಒಂದೊಂದನ್ನೇ ದಾರಿಗೆ ಬಿಟ್ಟಳು. ಕಣ್ಣು ಬೇಡ, ಅವನು ನೋಡಬೇಕು. ಕಿವಿ ಬೇಡ, ಕೇಳಬೇಕು. ದನ, ಕುದುರೆಗಳು ಏನು ಮಾಡಿದವು? ಕೊನೆಗೆ ಉಳಿದದ್ದು ಮೂರು ಮಾತು.

ಪಿಕರ್ಡ್‌ನ ಹೊಲ ನೋಡಿ ಅವಳು ಒಂದು ಗಳಿಗೆ ದಾರಿಯಲ್ಲೇ ನಿಂತಳು. ಅಷ್ಟು ಚೆಂದದ ಗೋಧಿಯನ್ನು ಅವಳು ನೋಡಿರಲಿಲ್ಲ. ಮಾಗಿ, ಹೊನ್ನಾಗಿ, ತೆನೆಯ ಭಾರಕ್ಕೆ ಬಾಗಿ, ಗುಡ್ಡದಿಂದ ಹೊಳೆಯ ತನಕ ಒಂದೇ ಸಮನೆ ನಿಂತಿತ್ತು. ಒಂದು ಮೂಲೆ ಮಾತ್ರ ಕೊಯ್ದಿತ್ತು. ಮನೆಯ ಮುಂದಿನ ಅಂಗಳದಲ್ಲಿ ಉದ್ದದ ಹಲಗೆಗಳನ್ನು ಹಾಕಿ ಕೊಯ್ಲಿನವರಿಗೆ ಮಧ್ಯಾಹ್ನದ ಊಟ. ಮೂವತ್ತು ಜನ, ರೊಟ್ಟಿ, ಕುರಿಮಾಂಸ, ಚಹಾ. ಶಿಕ್ಷೆ ಮುಗಿಸಿ ಕೂಲಿಗೆ ಕೊಯ್ಲು ಮಾಡುವವರು ಇವರು, ಊರಿಂದೂರಿಗೆ ಕುಡುಗೋಲು ಹೊತ್ತು ಹೋಗುವವರು. ಅವರ ಮಾತು ಗಾಳಿಯಲ್ಲಿ ಬಂದಾಗಲೇ ಅವಳಿಗೆ ತಿಳಿಯಿತು, ಹೆಚ್ಚಿನವರು ಐರಿಷರು. ಕೆಲವರು ಕಾರ್ಕ್ ಸೀಮೆಯವರೇ.

ಅವಳು ಯಾರ ಕಡೆಗೂ ನೋಡದೆ ಅಂಗಳ ದಾಟಿದಳು. ಹೊಸ್ತಿಲ ಮುಂದೆ ಮಂಡಿಯೂರಿದಳು. ಕುಲಾವಿಯ ದಾರ ಎಳೆದಳು.

ಕೂದಲು ಇಳಿಯಿತು.

ಹಲಗೆಯ ಸುತ್ತ ಮಾತು ನಿಂತಿತು. ಅಲ್ಲಿದ್ದ ಬಿಳಿಗಡ್ಡದ ಮುದುಕ ಟೈಗ್ ಮೊದಲು ಟೋಪಿ ತೆಗೆದ. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ತೆಗೆದರು. ಐರಿಷ್ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದವನಿಗೆ, ಹೊಸ್ತಿಲಲ್ಲಿ ಕೂದಲು ಬಿಚ್ಚಿ ಮಂಡಿಯೂರಿದ ಹೆಂಗಸು ಏನೆಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಪಿಕರ್ಡ್‌ಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅವನು ಹೊರಗೆ ಬಂದು ನೋಡಿದ: ಹಳೆಯ ಕೆಲಸದವಳು, ತನ್ನ ಕಾಲ ಬುಡದಲ್ಲಿ, ತಲೆ ಬಗ್ಗಿಸಿಕೊಂಡು, ಬಾಯಲ್ಲಿ ಏನೋ ಪ್ರಾರ್ಥನೆ. ಜನ ಬೇರೆ ಟೋಪಿ ತೆಗೆದು ನಿಂತಿದ್ದಾರೆ. ಅವನು ತಿಳಿದದ್ದು, ಇವಳು ಕ್ಷಮೆ ಕೇಳಲು ಬಂದಿದ್ದಾಳೆ. ಊರು ಬಿಟ್ಟು ಹೋಗುವ ಹೊತ್ತಿನಲ್ಲಿ ಮನಸ್ಸು ದೊಡ್ಡದಾಗಿರುತ್ತದಲ್ಲವೇ? ಅವನು ಹಲಗೆಯಿಂದ ಅರ್ಧ ರೊಟ್ಟಿ ತೆಗೆದು ಅವಳ ಮುಂದೆ ಚಾಚಿ, ಎಲ್ಲರಿಗೂ ಕೇಳುವಂತೆ ಹೇಳಿದ:

"ಏಳಮ್ಮ, ಏಳು. ಆದದ್ದಾಯ್ತು. ನಮ್ಮಿಬ್ಬರ ಮಧ್ಯೆ ಏನೇ ನಡೆದಿರಲಿ, ನಾನು ಮನಸ್ಸಲ್ಲಿ ಇಟ್ಕೊಂಡಿಲ್ಲ."

ಬೈಬಲ್ಲಿನ ಮೇಲೆ ಆಣೆಯಿಟ್ಟು ಬೆರಳಿನಿಂದಲೂ ಮುಟ್ಟಿಲ್ಲ ಎಂದವನು, ಮೂವತ್ತು ಜನರ ಮುಂದೆ, ಊಟದ ಹೊತ್ತಿನಲ್ಲಿ, ತಾನೇ ಒಪ್ಪಿಕೊಂಡ. ಅವನಿಗೆ ಅದೂ ತಿಳಿಯಲಿಲ್ಲ.

ಗೊಬ್ನೆಟ್ ಹೇಳುತ್ತಲೇ ಇದ್ದಳು. ಐರಿಷಿನಲ್ಲಿ, ಗಟ್ಟಿಯಾಗಿ, ಒಗೆಯುವ ಬಡಿತದ ಹಾಗೆ ಒಂದೊಂದೇ ಮಾತು.

"ಸೊರ್ಖಾಳ ತಾಯಿ ನಾನು. ಸೊರ್ಖಾಳ ಅಪ್ಪ ಈ ಎನೊಕ್ ಪಿಕರ್ಡ್. ಸೊರ್ಖಾ ಮಣ್ಣಲ್ಲಿದ್ದಾಳೆ. ಇವನ ಗೋಧಿ ನಿಂತಲ್ಲೇ ನಿಲ್ಲಲಿ. ಇವನ ಬಾಗಿಲಿಗೆ ಬಂದ ಕಾಲು ಹಿಂದಕ್ಕೆ ತಿರುಗಲಿ. ಇವನು ಕೂಗಿದರೆ ಯಾರೂ ಓಗೊಡದಿರಲಿ. ಮಗಳೇ ಅಂತ ಆ ಹೆಸರು ಹಿಡಿದು ಇವನೇ ಕರೆಯುವ ತನಕ."

ಎದ್ದವಳು ಏನೋ ನೆನಪಾಗಿ ಮತ್ತೆ ಬಗ್ಗಿ, "ಹಲ್ಲುನೋವೂ ಬರಲಿ. ಅದು ಹೆಪ್ಸಿ ಟ್ರಾಟ್‌ಳ ಕಡೆಯಿಂದ," ಎಂದಳು.

ರೊಟ್ಟಿಯನ್ನು ಮುಟ್ಟಲಿಲ್ಲ. ಕೂದಲು ಕಟ್ಟದೆ ಬಂದ ದಾರಿಯಲ್ಲೇ ಹೊರಟಳು.

ಅವಳ ಹಿಂದೆ ಮುದುಕ ಟೈಗ್ ಬಾಯಲ್ಲಿದ್ದ ತುತ್ತನ್ನು ಹೊರಗೆ ಉಗಿದ, ಬಾಯಿ ಮುಕ್ಕಳಿಸಿದ, ಹಲಗೆಯ ಕೆಳಗಿನಿಂದ ಕುಡುಗೋಲು ಎತ್ತಿಕೊಂಡ. ಶಾಪ ಬಿದ್ದ ಮನೆಯ ರೊಟ್ಟಿ ತಿಂದವನಿಗೂ, ಶಾಪ ಬಿದ್ದ ಗೋಧಿಗೆ ಕುಡುಗೋಲು ಹಾಕಿದವನಿಗೂ ಅದರಲ್ಲಿ ಪಾಲು ಬರುತ್ತದೆ. ಇದನ್ನೂ ಯಾರೂ ಯಾರಿಗೂ ಹೇಳಬೇಕಾಗಿರಲಿಲ್ಲ. ಮೂವತ್ತು ಜನ ಎದ್ದರು. ಪಿಕರ್ಡ್ ಮೊದಲು ನಕ್ಕ, ಆಮೇಲೆ ಬೈದ, ಆಮೇಲೆ ಕೂಲಿ ಎರಡರಷ್ಟು ಕೊಡುತ್ತೇನೆಂದು ಅವರ ಹಿಂದೆ ಬೇಲಿಯ ತನಕ ಓಡಿದ. ಒಬ್ಬನೂ ತಿರುಗಿ ನೋಡಲಿಲ್ಲ.

ನಾಲ್ಕನೆಯ ದಿನ ಬಡಗಣ ದಿಕ್ಕಿನಿಂದ ಬಿಸಿಗಾಳಿ ಎದ್ದಿತು. ಮಾಗಿದ ಗೋಧಿಗೆ ಆ ಗಾಳಿ ತಾಗಿದರೆ ಕಾಳು ತೆನೆಯಲ್ಲಿ ನಿಲ್ಲುವುದಿಲ್ಲ. ಎರಡು ಹಗಲು ಇಡೀ ಗುಡ್ಡ ಗಲಗಲ ಎಂದಿತಂತೆ. ಗಾಳಿ ನಿಂತಮೇಲೆ ಹೊಲದಲ್ಲಿ ಬರಿಯ ಹುಲ್ಲು ನಿಂತಿತ್ತು, ಆ ದ್ವೀಪದ ಬಿಳಿ ಗಿಳಿಗಳು ಇಳಿದು ನೆಲ ಮುಚ್ಚಿದ್ದವು.

*

ಫೆಬ್ರವರಿಯ ಹಡಗು ಪಿಕರ್ಡ್ ಇಲ್ಲದೆ ಹೋಯಿತು. ಮರುವರ್ಷ ಅವನ ಹೊಲ ಉಳಲು ಯಾರೂ ಬರಲಿಲ್ಲ. ಸರ್ಕಾರ ಕಳಿಸಿದ ಖೈದಿಗಳು ಅವನ ಮನೆಗಿಂತ ಛಡಿಯೇಟು ವಾಸಿ ಎಂದು ನ್ಯಾಯಾಧೀಶರ ಮುಂದೆ ನಿಂತರು. ಅಡುಗೆಯವಳು ಓಡಿಹೋದಳು. ಅವನ ಹೊಲ ಕೊಳ್ಳಲು ಬಂದವನು ಹೋಟೆಲಿನಲ್ಲಿ ಒಂದು ಮಧ್ಯಾಹ್ನ ಕೂತು ಕಥೆ ಕೇಳಿ, ಕುದುರೆ ತಿರುಗಿಸಿಕೊಂಡು ಹೋದ.

ಹೆಪ್ಸಿಗೂ ಬಿಡುಗಡೆಯಾಗಿತ್ತು. ಇಬ್ಬರೂ ಸೇರಿ ಪಟ್ಟಣದ ಅಂಚಿನಲ್ಲಿ, ಹಳ್ಳದ ದಡದಲ್ಲಿ, ಒಗೆಯುವ ಕೆಲಸ ಇಟ್ಟುಕೊಂಡಿದ್ದರು. ಹೆಪ್ಸಿಯ ತಾಮ್ರದ ಕೂದಲು ಕತ್ತಿನ ತನಕ ಬಂದಿತ್ತು. ಪ್ರತಿ ಭಾನುವಾರ ಗೊಬ್ನೆಟ್ ಅವಳನ್ನು ಬಿಸಿಲಿಗೆ ಕೂರಿಸಿ, ಎಲುಬಿನ ಬಾಚಣಿಗೆಯಿಂದ ಬಾಚುತ್ತಿದ್ದಳು. ಕೊಬ್ಬು ಹಚ್ಚಬೇಡ ಕಣೇ, ನಾಯಿ ಹಿಂದೆ ಬರುತ್ತದೆ ಎಂದು ಹೆಪ್ಸಿ ಗೊಣಗುತ್ತಿದ್ದಳು.

ಅಂಥ ಒಂದು ಭಾನುವಾರ ಪಿಕರ್ಡ್ ಬಂದ. ಅಂಗಿ ಕೊಳೆಯಾಗಿತ್ತು. ಬಲದವಡೆ ಊದಿ, ಗಲ್ಲದಿಂದ ನೆತ್ತಿಗೆ ಬಟ್ಟೆ ಕಟ್ಟಿಕೊಂಡಿದ್ದ. ಆ ಬಟ್ಟೆ ನೋಡಿದ ಹೆಪ್ಸಿ, ದೇವರನ್ನೂ ನಂಬದ ಹೆಪ್ಸಿ, ಶಾಲಿನ ಮರೆಯಲ್ಲಿ ಮೆಲ್ಲನೆ ಶಿಲುಬೆ ಗುರುತು ಹಾಕಿಕೊಂಡಳು.

ಅವನು ಇದನ್ನೆಲ್ಲ ತಾನು ನಂಬುವುದಿಲ್ಲ ಎಂದ. ಆದರೆ ಜನ ನಂಬುತ್ತಾರಲ್ಲ, ಅದಕ್ಕೆ ನೀನೇ ಬಂದು ತೆಗೆದೆನೆಂದು ಹೇಳಿಬಿಡು ಎಂದ. ಗೊಬ್ನೆಟ್ ಬಾಚಣಿಗೆ ಕೆಳಗಿಟ್ಟಳು.

"ತೆಗೀತೀನಿ ದಣಿ. ದಾರಿ ಅವತ್ತೇ ಹೇಳಿದ್ದೆ. ನಿಮ್ಮ ಮಗಳನ್ನ ಹೆಸರು ಹಿಡಿದು ಕರೀರಿ. ಇಲ್ಲೇ, ಈಗ್ಲೇ ಕರೀರಿ. ಮಂಡಿಯೂರಿ ತೆಗೀತೀನಿ."

ಪಿಕರ್ಡ್ ಬಾಯಿ ತೆರೆದ. ಅವನ ಕಣ್ಣು ಗೊಬ್ನೆಟ್‌ಳಿಂದ ಹೆಪ್ಸಿಗೆ, ಹೆಪ್ಸಿಯಿಂದ ತಂತಿಯ ಮೇಲಿನ ಬಟ್ಟೆಗೆ ಹೋಯಿತು.

"ಹೆಸರು ನನಗ್ಯಾರೂ ಹೇಳಿಲ್ಲ," ಎಂದ.

"ನಿಮ್ಮ ಬಾಗಿಲಲ್ಲೇ ಮೂರು ಸಲ ಹೇಳಿದೆ. ಆಗ ನೀವು ರೊಟ್ಟಿ ಕೊಡ್ತಾ ಇದ್ರಿ."

ಅವನು ಶಿಶುಮನೆಯ ದಫ್ತರ ತೆರೆಸಿ ನೋಡಿದ. ಹೆಣ್ಣು, ಏಳು ತಿಂಗಳು. ಆಮೇಲೆ ಆ ಮೂವತ್ತು ಜನರನ್ನು ಹುಡುಕಿಕೊಂಡು ಹೊರಟ. ಬೇರೆಯವರ ಹೊಲದಲ್ಲಿ, ಹೆಂಡದಂಗಡಿಯಲ್ಲಿ, ದೋಣಿಕಟ್ಟೆಯಲ್ಲಿ ಒಬ್ಬೊಬ್ಬರನ್ನೇ ಹಿಡಿದು ಕೇಳಿದ. ಅವರೆಲ್ಲ ಮಾತಾಡಿಕೊಂಡಿದ್ದರೆಂದಲ್ಲ. ಆದರೂ ಒಬ್ಬೊಬ್ಬನೂ ಟೋಪಿ ತೆಗೆದು ನೆಲ ನೋಡಿದ. ಮುದುಕ ಟೈಗ್ ಮಾತ್ರ, ನನಗೆ ಗೊತ್ತು ದಣಿ, ಆದರೆ ನಾನು ಕೊಟ್ಟರೆ ಅದು ನಾನು ಕರೆದ ಹಾಗಾಯಿತು, ಅಪ್ಪ ಕರೆದ ಹಾಗಾಗಲಿಲ್ಲ ಎಂದನಂತೆ.

ಈಗ ಅವನು ಪಟ್ಟಣದಲ್ಲೇ ಇರುತ್ತಾನೆ. ವಾರಕ್ಕೆ ಒಂದೆರಡು ಸಲ ಹಳ್ಳದ ಆಚೆ ದಡಕ್ಕೆ ಬಂದು ನಿಂತು, ದವಡೆ ಹಿಡಿದುಕೊಂಡು, ಒಂದೊಂದೇ ಹೆಸರನ್ನು ಕೂಗುತ್ತಾನೆ. ಮೇರಿ. ಎಲೆನ್. ಕೇಟ್. ಹಾನ್ನಾ. ಕೂಗಿ ಸ್ವಲ್ಪ ಹೊತ್ತು ಕಾಯುತ್ತಾನೆ. ಹೆಪ್ಸಿ ಸೊಂಟದ ಮೇಲೆ ಕೈಯಿಟ್ಟು ಗೊಬ್ನೆಟ್‌ಳ ಮುಖ ನೋಡುತ್ತಾಳೆ. ಒಂದು ದಿನ ತಪ್ಪಿ ಸರಿಯಾಗಿ ಕೂಗಿಬಿಟ್ಟರೆ ಏನು ಮಾಡುತ್ತೀ ಎಂದು ಅವಳು ಒಮ್ಮೆ ಕೇಳಿದ್ದಳು. ತೆಗೆಯುತ್ತೇನೆ, ಮಾತು ಅಂದರೆ ಮಾತು ಎಂದು ಗೊಬ್ನೆಟ್ ಹೇಳಿದ್ದಳು. ಆದರೆ ಸುಳಿವು ಕೊಡುವೆನೆಂದು ನಾನು ಎಲ್ಲೂ ಹೇಳಿಲ್ಲ ಎಂದೂ ಹೇಳಿದ್ದಳು.

ಇವತ್ತೂ ಬಂದಿದ್ದಾನೆ. ಜೂಲಿಯಾ, ಎನ್ನುತ್ತಾನೆ. ಹಳ್ಳದ ನೀರು ಹರಿಯುತ್ತದೆ. ಮಾರ್ಗರೆಟ್, ಎನ್ನುತ್ತಾನೆ. ಗೊಬ್ನೆಟ್ ಒದ್ದೆ ಹಾಸಿಗೆ ವಸ್ತ್ರವನ್ನು ತಂತಿಗೆ ಹರವುತ್ತಾಳೆ, ಎರಡೂ ಕೈಯಿಂದ ಸುಕ್ಕು ತೀಡುತ್ತಾಳೆ. ಬೆನ್ನ ಮೇಲೆ ಬಿಚ್ಚಿದ ಕೂದಲು ಗಾಳಿಗೆ ಒಣಗುತ್ತಿದೆ. ಅವನಿಗೆ ಕೇಳದಷ್ಟು ಮೆಲ್ಲಗೆ, ವಸ್ತ್ರದ ಮರೆಯಲ್ಲಿ, ಅವಳೇ ಒಂದು ಸಲ ಕರೆಯುತ್ತಾಳೆ.

ಸೊರ್ಖಾ.